ನನ್ನ ಹೆಂಡತಿಯ ಹೆಸರು ವಾಸವಿದ್ದ ದ್ವೀಪ

ಮಾಗಡಿ

ನನ್ನ ಹೆಂಡತಿ ಜಯಮ್ಮ ಇರುವುದು ಮಾಗಡಿಯಲ್ಲಿ. ಅವಳ ಹೆಸರು ಮಾತ್ರ ಸಮುದ್ರದಾಚೆ ಒಂದು ದ್ವೀಪದಲ್ಲಿದೆ. ಇದನ್ನು ದಾರಿಹೋಕರು ಯಾರಾದರೂ ಹೇಳಿದ್ದರೆ ಪಾಪ, ಬಿಸಿಲು ಹೆಚ್ಚಾಗಿದೆ ಅಂದುಕೊಂಡು ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದೆ. ಹೇಳಿದವನು ಅವಳ ಒಡಹುಟ್ಟಿದ ತಮ್ಮ. ಅದೂ ನಮ್ಮ ಹಜಾರದಲ್ಲೇ ಕೂತು, ಅವಳೇ ಮಾಡಿದ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತ.

ಈ ಬಾಮೈದ ನಾಗರಾಜನದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕುಕ್ಕರಿನ ರಬ್ಬರ್ ರಿಂಗ್ ಮಾಡುವ ಕಾರ್ಖಾನೆ. ಅಕ್ಕನ ಕೈತುತ್ತು ತಿಂದು ಬೆಳೆದ ಹುಡುಗ, ಹಾಗಾಗಿ ರಿಂಗಿಗೆ ‘ಜಯ’ ಎಂದು ಹೆಸರಿಟ್ಟ. ವ್ಯಾಪಾರ ಕುದುರಿತು. ಕುದುರಿದ ಕಡೆ ಆಡಿಟರ್ ಬರುತ್ತಾನೆ. ಬಂದವನು, ರಿಂಗ್ ಇಲ್ಲೇ ಇರಲಿ, ಹೆಸರನ್ನು ತೆರಿಗೆಯಿಲ್ಲದ ದ್ವೀಪಕ್ಕೆ ಕಳಿಸಿಬಿಡಿ ಎಂದು ಕಿವಿಯೂದಿದ. ದ್ವೀಪದಲ್ಲೊಂದು ಕಂಪನಿ ಹುಟ್ಟಿತು. ನನ್ನ ಹೆಂಡತಿಯ ಹೆಸರು ಆ ಕಂಪನಿಯ ಸೊತ್ತಾಯಿತು. ಅಲ್ಲಿಂದೀಚೆಗೆ ಹಾರೋಹಳ್ಳಿ ಕಾರ್ಖಾನೆ ತಾನು ಮಾಡುವ ಪ್ರತಿ ರಿಂಗಿಗೂ ಆ ಹೆಸರಿನ ಬಾಡಿಗೆ ಕಟ್ಟುತ್ತದೆ. ಲಾಭವೆಲ್ಲ ಬಾಡಿಗೆಯ ರೂಪದಲ್ಲಿ ದ್ವೀಪ ಸೇರಿ, ಅಲ್ಲಿ ತೆರಿಗೆಯಿಲ್ಲದೆ ಹಾಯಾಗಿ ಮಲಗುತ್ತದೆ.

ಇಷ್ಟು ವರ್ಷ ಇದು ನಡೆಯಿತು. ಈಗ ದೇಶದೇಶದ ಸರ್ಕಾರಗಳು ಒಟ್ಟಿಗೆ ಕೂತು ತೆರಿಗೆ ಕಾನೂನು ತಿದ್ದಿವೆಯಂತೆ. ಹೆಸರು ಬರೆದ ಬೋರ್ಡು ಇದ್ದರೆ ಸಾಲದು, ಕಂಪನಿಗೆ ದ್ವೀಪದಲ್ಲಿ ಒಂದು ಕೋಣೆ, ಒಂದಿಷ್ಟು ಖರ್ಚು, ಮುಖ್ಯವಾಗಿ ಯೋಚನೆ ಮಾಡಿ ತೀರ್ಮಾನಿಸುವ ಒಂದು ತಲೆ ಇರಬೇಕು. ತೀರ್ಮಾನವೆಲ್ಲ ಹಾರೋಹಳ್ಳಿಯಲ್ಲೇ ಆಗುತ್ತಿದೆ ಎಂದು ಗೊತ್ತಾದರೆ ಕಂಪನಿ ಹಾರೋಹಳ್ಳಿಯದೇ ಅನ್ನಿಸಿಕೊಂಡು, ಹಿಂದಿನದಕ್ಕೂ ಸೇರಿಸಿ ಇಲ್ಲಿ ತೆರಿಗೆ ಕಕ್ಕಬೇಕು.

“ಒಂದು ತಲೆ ಬೇಕಾಗೈತೆ ಭಾವ” ಎಂದ ನಾಗರಾಜ.

ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರ್ ಆದವನು ನಾನು. ನನ್ನ ಕಾಲು, ಸೀಟಿ, ಗಂಟಲು ಇವುಗಳನ್ನು ಜನ ಕೇಳಿದ್ದುಂಟು. ತಲೆ ಕೇಳಿದವರು ಇವನೇ ಮೊದಲು. ನಾನಾಗಲೇ ಆ ಕಂಪನಿಗೆ ಡೈರೆಕ್ಟರ್ ಎಂಬುದೂ ಆಗಲೇ ತಿಳಿದದ್ದು. ಹಿಂದೊಮ್ಮೆ ಬಂದು ಸಹಿ ಹಾಕಿಸಿಕೊಂಡು ಹೋಗಿದ್ದ, ನಾನು ಅದನ್ನು ಗ್ಯಾಸ್ ಸಬ್ಸಿಡಿ ಅಂದುಕೊಂಡಿದ್ದೆ. ಹೋಗಿ ಮೀಟಿಂಗಿನಲ್ಲಿ ಕೂತು ಕೈಯೆತ್ತಿ ಬಂದರೆ ಆಯಿತಂತೆ. ಯಾತಕ್ಕೆ ಕೈಯೆತ್ತಬೇಕು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜಯಮ್ಮ ಸೂಟ್‌ಕೇಸಿಗೆ ಒಂದು ಪುಟ್ಟ ಕುಕ್ಕರು, ಅಕ್ಕಿ, ಬೇಳೆ, ಸಾರಿನ ಪುಡಿ ತುಂಬಿದಳು. ಬಾಗಿಲಲ್ಲಿ ನಿಂತು ಬುದ್ಧಿವಾದವನ್ನೂ ತುಂಬಿದಳು. “ನಮ್ಮ ನಾಗ ಏನು ಯೋಳ್ತಾನೋ ಅದ್ಕೆ ಹೂಂ ಅಂದ್ಬುಟ್ಟು ಬನ್ನಿ. ಅಲ್ಲೋಗಿ ಯಾರ್ಗೂ ಡ್ರಿಲ್ ಮಾಡಿಸ್ಬ್ಯಾಡಿ.”

ದ್ವೀಪದ ದಂಡೆ

ದ್ವೀಪದ ಹೆಸರು ಬರೆಯಕೂಡದೆಂದು ಆಡಿಟರನ ಕಟ್ಟಪ್ಪಣೆಯಿದೆ. ಚಳಿ ಉಂಟು, ಇಂಗ್ಲಿಷ್ ಮಾತಾಡುತ್ತಾರೆ, ಹಸುಗಳು ಕಂದು ಬಣ್ಣಕ್ಕಿವೆ. ಇಷ್ಟು ಸಾಕು.

ಇಳಿದ ದಿನವೇ ಸಮುದ್ರ ನೋಡೋಣವೆಂದು ಹೋದರೆ ಸಮುದ್ರವೇ ಇರಲಿಲ್ಲ. ದೋಣಿಗಳೆಲ್ಲ ಕೆಸರಿನಲ್ಲಿ ಪಕ್ಕೆ ತಿರುಗಿಸಿಕೊಂಡು ಬಿದ್ದಿದ್ದವು. ವಿಚಾರಿಸಿದರೆ, ಹೋಗಿದೆ, ಮಧ್ಯಾಹ್ನದ ಮೇಲೆ ಬರುತ್ತೆ ಎಂದರು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಸಾಹೇಬರ ಬಗ್ಗೆ ಹೇಳುವುದೂ ಇದೇ ಮಾತನ್ನು. ಆದರೆ ಇಲ್ಲಿ ಸಮುದ್ರ ಹೇಳಿದ ಹೊತ್ತಿಗೆ ಬಂತು.

ರಸ್ತೆಯ ಪಕ್ಕ, ಹೊಲದ ಕಲ್ಲುಗೋಡೆಗೆ ಒರಗಿಸಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ಚೀಲಚೀಲ ಎಳೇ ಆಲೂಗೆಡ್ಡೆ. ಪಕ್ಕದಲ್ಲೊಂದು ಕಾಸಿನ ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದವರು ಚೀಲ ತೆಗೆದುಕೊಂಡು ತಾವೇ ಕಾಸು ಹಾಕಿ ಹೋಗಬೇಕು. ನಾನು ಕಾಸನ್ನೇನೋ ಹಾಕಿದೆ, ಆದರೆ ಸಮಾಧಾನವಾಗಲಿಲ್ಲ. ಚೌಕಾಸಿಯಿಲ್ಲದೆ ತಂದ ಪದಾರ್ಥ ನಮ್ಮ ಮನೆಯಲ್ಲಿ ಬೇಯುವುದೇ ಇಲ್ಲ. ಚೌಕಾಸಿ ಹೋಗಲಿ, ಕೊಸರು ಹಾಕುವವರಾದರೂ ಬೇಡವೇ? ಸುತ್ತ ನೋಡಿ ಇನ್ನೊಂದು ಚೀಲದಿಂದ ಒಂದು ಗೆಡ್ಡೆ ಕೊಸರು ತೆಗೆದುಕೊಂಡೆ. ಎದುರು ಮನೆಯ ಕಿಟಕಿಯಿಂದ ನೋಡುತ್ತಿದ್ದ ಮುದುಕಿ ಆಚೆ ಬಂದಳು. ಕೊಸರು ಎಂದರೇನೆಂದು ನನಗೆ ತಿಳಿದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಂದು ಗೆಡ್ಡೆ ಯಾವ ಲೆಕ್ಕ ಎಂದು ಮತ್ತೆ ನಾಲ್ಕು ಹಾಕಿದಳು. ನಮ್ಮೂರಿನ ಸಂತೆಯಲ್ಲಿ ಯಾರೂ ಹೀಗೆ ಹಾಕಿದ್ದಿಲ್ಲ.

ಯಾರೂ ನೋಡದಿದ್ದರೂ ಆಲೂಗೆಡ್ಡೆಗೆ ಕಾಸು ಹಾಕುವ ಜನ, ಊರವರ ಕಾಸನ್ನೆಲ್ಲ ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಬಲು ಸೋಜಿಗವಾಯಿತು. ಕೇಳಿಯೇಬಿಟ್ಟೆ. ಅದು ಬ್ಯಾಂಕಿನವರ ಕೆಲಸ, ನಮ್ಮದು ಆಲೂಗೆಡ್ಡೆ ಎಂದಳು ಮುದುಕಿ.

ತಲೆಗಳ ವಸತಿಗೃಹ

ಉಳಿದುಕೊಂಡಿದ್ದು ಒಂದು ಹಳೆಯ ಕಲ್ಲುಕಟ್ಟಡದಲ್ಲಿ. ಕೋಣೆಯಲ್ಲಿ ಒಂದು ಒಲೆಯಿತ್ತು. ಸಂಜೆ ಆ ಆಲೂಗೆಡ್ಡೆ ಹಾಕಿ ಬೇಳೆ ಇಟ್ಟೆ. ಮೊದಲನೇ ಸೀಟಿ ಕೂಗಿತು, ಕಾರಿಡಾರಿನಲ್ಲಿ ಬಾಗಿಲು ತೆರೆದ ಸದ್ದು. ಎರಡನೇ ಸೀಟಿಗೆ ಓಡಾಟ. ಮೂರನೆಯದಕ್ಕೆ ಯಾರೋ ಗೋಡೆಯ ಮೇಲಿನ ಬೆಂಕಿ ಎಚ್ಚರಿಕೆಯ ಗುಂಡಿ ಒತ್ತಿದರು, ಕಟ್ಟಡವೆಲ್ಲ ಹುಯಿಲಿಡತೊಡಗಿತು. ಒಲೆ ಆರಿಸಿ ನಾನೂ ಆಚೆ ಬಂದೆ.

ಅಂಗಳದಲ್ಲಿ ನಾನಾ ದೇಶದ ಜನ ಚಳಿಗೆ ನಡುಗುತ್ತ ಸಾಲಾಗಿ ನಿಂತಿದ್ದರು. ಒಳ್ಳೆಯ ಸಾಲು. ನನ್ನ ಇಡೀ ನೌಕರಿಯಲ್ಲಿ ಹೇಳದೆ ಕೇಳದೆ ಅಷ್ಟು ನೆಟ್ಟಗೆ ನಿಂತವರನ್ನು ಕಂಡಿರಲಿಲ್ಲ. ಅಭ್ಯಾಸಬಲ, ಬಾಯಿಂದ ‘ಸ್ಟ್ಯಾಂಡ್ ಅಟ್ ಈಸ್’ ಬಂದೇಬಿಟ್ಟಿತು. ಎಲ್ಲರೂ ಕಾಲು ಅಗಲಿಸಿದರು. ಅಗ್ನಿಶಾಮಕದವನೆಂದು ತಿಳಿದರೋ ಏನೋ.

ಮಾತಿಗೆ ಸಿಕ್ಕಿದಾಗ ಗೊತ್ತಾಯಿತು, ಅವರೂ ತಲೆಗಳೇ. ಒಬ್ಬ ತನ್ನ ಚಿಕ್ಕಪ್ಪನ ಹಡಗಿನ ಕಂಪನಿಯ ತಲೆ, ಹಡಗು ಹತ್ತಿದರೆ ವಾಂತಿಯಾಗುತ್ತದಂತೆ. ಇನ್ನೊಬ್ಬಳು ಗಂಡನ ಗಣಿ ಕಂಪನಿಯ ತಲೆ, ಗಂಡನನ್ನು ಬಿಟ್ಟು ಬಹಳ ಕಾಲವಾಗಿತ್ತು, ಆದರೆ ಕಂಪನಿಯಿಂದ ಬಿಡುಗಡೆ ಸಿಕ್ಕಿರಲಿಲ್ಲ. ನಿನ್ನ ಕಂಪನಿ ಏನು ಎಂದು ನನ್ನನ್ನು ಕೇಳಿದರು. ಒಳಗೆ ಹೋಗಿ ಕುಕ್ಕರಿನ ಮುಚ್ಚಳದಿಂದ ರಿಂಗ್ ಬಿಚ್ಚಿ ತಂದು ತೋರಿಸಿದೆ. ಎಲ್ಲರೂ ಕೈಯಿಂದ ಕೈಗೆ ದಾಟಿಸಿ, ಹಿಂದೆ ಮುಂದೆ ನೋಡಿದರು. ಆ ಗುಂಪಿನಲ್ಲಿ ತನ್ನ ಕಂಪನಿ ಮಾಡುವ ಪದಾರ್ಥವನ್ನು ಕೈಯಲ್ಲಿ ಹಿಡಿದವನು ನಾನೊಬ್ಬನೇ ಎಂದು ಹಡಗಿನವನು ಹೊಟ್ಟೆಕಿಚ್ಚುಪಟ್ಟ. ಅಂದು ಅವರಿಗೆಲ್ಲ ಬೇಳೆಸಾರು ಬಡಿಸಿದೆ.

ಕಂಪನಿ

ಕಚೇರಿಯನ್ನು ನೋಡಿಕೊಳ್ಳುವವಳು ಮಾರ್ಗರೆಟ್ ಎಂಬ ನಡುವಯಸ್ಸಿನ ಹೆಂಗಸು. ಮೊದಲು ಒಂದು ದೊಡ್ಡ ಹಾಲಿನಲ್ಲಿ ಎಲ್ಲ ಕಂಪನಿಗಳೂ ಒಂದೇ ಕಪಾಟಿನೊಳಗೆ ಇದ್ದವಂತೆ. ಹೊಸ ಕಾನೂನು ಬಂದ ಮೇಲೆ ಪ್ರತಿಯೊಂದಕ್ಕೂ ಕೋಣೆ ಬೇಕಲ್ಲ, ಹಾಲನ್ನು ಹಲಗೆಯಿಂದ ಗೂಡುಗೂಡಾಗಿ ಅಡ್ಡಗಟ್ಟಿದ್ದರು. ನೋಡಿದರೆ ರಾಮನಗರದಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೇ, ಗೂಡಿಗೊಂದು ಹುಳ. ನಮ್ಮ ಗೂಡಿನಲ್ಲಿ ಒಂದು ಮೇಜು, ಮೂರು ಕುರ್ಚಿ, ಬಾಗಿಲ ಮೇಲೆ ನನ್ನ ಹೆಂಡತಿಯ ಹೆಸರು. ಜೆ, ಎ, ವೈ, ಎ. ಅಷ್ಟು ದೂರದಲ್ಲಿ ಅದನ್ನು ಕಂಡು ಹತ್ತಿರ ಹೋದೆ. ಮುಟ್ಟಿ ನೋಡಿದೆ. ಅಂಟು ಇನ್ನೂ ಒಣಗಿರಲಿಲ್ಲ.

ಕಂಪನಿ ದ್ವೀಪದಲ್ಲಿ ಖರ್ಚು ಮಾಡಿರಬೇಕು, ಆದ್ದರಿಂದ ದಯವಿಟ್ಟು ಕ್ಷೌರ ಮಾಡಿಸಿಕೊಳ್ಳಿ, ಬಿಸ್ಕತ್ತು ತಿನ್ನಿ, ರಸೀದಿ ತನ್ನಿ ಎಂದು ಮಾರ್ಗರೆಟ್ ಬೇಡಿಕೊಂಡಳು. ನನ್ನ ತಲೆಯಲ್ಲಿ ಕ್ಷೌರಕ್ಕೆ ಉಳಿದಿರುವುದು ಕಿವಿಯ ಮೇಲಿನ ಗೆರೆ ಮಾತ್ರ. ಆದರೂ ಹೋಗಿ ಕೂತೆ. ಜಿಪುಣಾಗ್ರೇಸರ ನಾಗರಾಜ, ಖರ್ಚು ಮಾಡಿ ಭಾವ, ಕೈ ಬಿಚ್ಚಿ ಮಾಡಿ ಎಂದು ಫೋನಿನಲ್ಲಿ ಹುರಿದುಂಬಿಸುತ್ತಿದ್ದ.

ಮರುದಿನದ ಮೀಟಿಂಗಿನಲ್ಲಿ ಏನೇನಿದೆ ಎಂದು ಮಾರ್ಗರೆಟ್ ಹೇಳುತ್ತ ಹೋದಳು. ಸ್ವಾಗತ, ಹಿಂದಿನ ಮೀಟಿಂಗಿನ ಒಪ್ಪಿಗೆ, ಆಮೇಲೆ ಮೂರನೆಯದು. ‘ಜಯ’ ಹೆಸರನ್ನು ಬಳಸುವ ಹಕ್ಕನ್ನು ಹಾರೋಹಳ್ಳಿ ಕಾರ್ಖಾನೆಯಿಂದ ಹಿಂದಕ್ಕೆ ತೆಗೆದುಕೊಂಡು, ಹೊಸೂರಿನಾಚೆ ಹುಟ್ಟುತ್ತಿರುವ ನಾಗರಾಜನದೇ ಹೊಸ ಕಂಪನಿಗೆ ಕೊಡುವುದು. ಅವಳು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಳು. ನನ್ನ ಕೈ ಹೋಗಲಿಲ್ಲ.

ಹೆಸರು ಹೋದರೆ ಹಾರೋಹಳ್ಳಿಯ ರಿಂಗ್ ಅನ್ನು ಯಾರು ಕೊಳ್ಳುತ್ತಾರೆ? ಗೇಟಿಗೆ ಬೀಗವೇ. ನಮ್ಮ ಕಡೆಯ ಹಳ್ಳಿಗಳಿಂದ ಬಸ್ಸಿನ ತುಂಬ ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಾರೆ. ಮುಕ್ಕಾಲು ಪಾಲು ನನ್ನ ಕೈಯಲ್ಲಿ ಖೋ ಖೋ ಕಲಿತವರು. ಮೊದಮೊದಲು ಅಪ್ಪಂದಿರು ಕಳಿಸಲು ಒಪ್ಪಿರಲಿಲ್ಲ. ಮನೆಮನೆಯ ಜಗಲಿಯಲ್ಲಿ ಕೂತು, ನಾನಿದ್ದೀನಿ, ಕಳಿಸಿ ಎಂದು ಹೇಳಿ ಬಸ್ಸು ಹತ್ತಿಸಿದವನು ನಾನು.

ನಾಗರಾಜನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡು, ನಿಧಾನವಾಗಿ ಅವನ ಕಡೆಯದನ್ನೂ ಹೇಳಿದ. ನಮ್ಮ ಸರ್ಕಾರ ಕಂಪನಿಗಳ ತೆರಿಗೆ ಇಳಿಸಿದೆ, ಆದರೆ ತೀರ ಕಮ್ಮಿ ತೆರಿಗೆ ಇರುವುದು ಹೊಸದಾಗಿ ಶುರುವಾಗುವ ಕಾರ್ಖಾನೆಗೆ ಮಾತ್ರ, ಅದೂ ಗಡುವಿನೊಳಗೆ. ಎದುರಾಳಿಯೊಬ್ಬ ಆಗಲೇ ಹೊಸದು ತೆರೆದು ಬೆಲೆ ಇಳಿಸಿದ್ದಾನೆ. ಹಳೆಯ ಕಾರ್ಖಾನೆ ಎಷ್ಟು ಚೆನ್ನಾಗಿ ನಡೆದರೂ ಹಳೆಯದೇ. ಸತ್ತು ಹುಟ್ಟಿದರೆ ಮಾತ್ರ ಲಾಭ. ಹೊಸದರಲ್ಲಿ ಹೊಸ ಮಿಷನ್ನು, ಹೆಚ್ಚು ಜನ ಬೇಡ.

“ತೆರಿಗೆ ಇಳಿದ್ರೆ ಕೆಲ್ಸ ಹೆಚ್ತದೆ ಅಂತಿದ್ಯಲ್ಲೋ” ಎಂದೆ.

“ಹೆಚ್ತದೆ ಭಾವ. ಮಿಷನ್ನಿಗೆ” ಎಂದ. ಹೇಳುವಾಗ ಅವನಿಗೇ ನಗು ಬಂತು, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಫೋನ್ ಇಡುವ ಮುಂಚೆ, ಅಕ್ಕನಿಗೆ ಹೇಳಬೇಡಿ ಎಂದ.

ಬೆಳಗ್ಗೆ, ಕೋಣೆಯಲ್ಲಿ

ನಮ್ಮ ಕಡೆ ಪಂಚಾಯ್ತಿ ಕಟ್ಟೆಗೆ ಒಂದು ಪದ್ಧತಿಯಿದೆ. ಎಂಥ ಜರೂರಿದ್ದರೂ ಇನ್ನೊಂದು ಕಡೆಯವರು ಬಂದು ಕೂತು, ಎಲೆಅಡಿಕೆ ಹಾಕಿಕೊಂಡು, ಮಾತಾಡಿ ಮುಗಿಸುವವರೆಗೆ ತೀರ್ಪು ಹೇಳುವಂತಿಲ್ಲ. ಬಾರದಿದ್ದರೆ ಆಳು ಕಳಿಸಿ ಕರೆಸುತ್ತಾರೆ. ಕರೆಸದೆ ಹೇಳಿದ ತೀರ್ಪಿಗೆ ನಾಯಿಯೂ ಬೆಲೆ ಕೊಡುವುದಿಲ್ಲ. ನಾಗರಾಜನ ಮಾತು ಕೇಳಿಯಾಗಿತ್ತು, ಇನ್ನೊಂದು ಕಡೆ ಬಾಕಿಯಿತ್ತು. ದ್ವೀಪದಲ್ಲಿ ಬೆಳಕು ಹರಿಯುವ ಹೊತ್ತಿಗೆ ಹಾರೋಹಳ್ಳಿಯಲ್ಲಿ ಟೀ ವಿರಾಮ. ಗೌರಿಗೆ ಫೋನ್ ಮಾಡಿದೆ.

ಗೌರಿ ಸಾವನದುರ್ಗದ ಬುಡದ ಹಳ್ಳಿಯ ಕುರಿ ಸಾಕುವವರ ಮಗಳು. ನನ್ನ ಖೋ ಖೋ ತಂಡದ ನಾಯಕಿಯಾಗಿದ್ದವಳು, ಈಗ ರಬ್ಬರ್ ಪ್ರೆಸ್ಸಿನ ಸಾಲಿಗೆ ಮೇಲ್ವಿಚಾರಕಿ. ಎತ್ತಿದವಳೇ ಅಲ್ಲಿ ಚಳಿಯಂತೆ, ಮಫ್ಲರ್ ಕಟ್ಟಿಕೊಂಡಿದ್ದೀರಾ ಎಂದು ನನ್ನನ್ನೇ ವಿಚಾರಿಸಿದಳು. ನಾನು ವಿಷಯ ಹೇಳಿದೆ. 

“ನಂಗೆ ಕೆಲ್ಸ ಐತಲ್ಲ ಅಂತ ನಾನೇ ಹಟ ಮಾಡಿ ಅಪ್ಪನ ಕುರೀನೆಲ್ಲ ಮಾರಿಸ್ಬುಟ್ಟೆ ಮೇಷ್ಟ್ರೇ. ವಯಸ್ಸಾಯ್ತು, ಬೆಟ್ಟ ಹತ್ತಕ್ಕಾಗಕಿಲ್ಲ ಅವ್ರಿಗೆ” ಎಂದಳು. “ಈಗ ಕುರೀನೂ ಇಲ್ಲ. ಹೊಸೂರಿಂದಾಚೆಗೆ ದಿನಾ ಓಗಿ ಬರಕ್ಕಾಯ್ತದಾ? ನಂಗೆ ಈ ತೆರಿಗೆ ಗಿರಿಗೆ ತಿಳಿಯಾಕಿಲ್ಲ. ನಾಳೆಯಿಂದ ಬಸ್ಸು ಬತ್ತದಾ ಇಲ್ವಾ, ಅದೊಂದ ಯೋಳಿ ಸಾಕು.”

 ಅಷ್ಟರಲ್ಲಿ ಬೆಲ್ಲಾಯಿತು, ಮಡಗ್ತೀನಿ ಮೇಷ್ಟ್ರೇ ಎಂದು ಫೋನ್ ಇಟ್ಟಳು. ಒಂದು ಕಡೆ ಜಯಮ್ಮನ ತಮ್ಮ, ಇನ್ನೊಂದು ಕಡೆ ನಾನು ಕೊಟ್ಟ ಮಾತು. 

ಮೀಟಿಂಗು

ಗೂಡಿನಲ್ಲಿ ಮೂರು ಕುರ್ಚಿಗೆ ನಾಲ್ವರಾದೆವು. ನಾನು ಅಧ್ಯಕ್ಷ. ಇನ್ನೊಬ್ಬ ಡೈರೆಕ್ಟರ್ ಪೀಟರ್ ಎಂಬ ಸ್ಥಳೀಯ. ತಾನು ಎಷ್ಟು ಕಂಪನಿಗಳಿಗೆ ಡೈರೆಕ್ಟರ್ ಎಂದು ಅವನಿಗೇ ಗೊತ್ತಿಲ್ಲ, ಅಧ್ಯಕ್ಷರು ಏನು ಹೇಳಿದರೂ ‘ನನ್ನದೂ ಅದೇ’ ಎನ್ನುವುದು ಅವನ ಉದ್ಯೋಗ. ಬರೆದುಕೊಳ್ಳಲು ಮಾರ್ಗರೆಟ್, ನಿಂತುಕೊಂಡೇ. ಮೂಲೆಯ ಕುರ್ಚಿಯಲ್ಲಿ ದ್ವೀಪದ ತೆರಿಗೆ ಅಧಿಕಾರಿ. ಕಂಪನಿಗೆ ನಿಜವಾಗಿ ತಲೆಯಿದೆಯೇ ಎಂದು ಕಣ್ಣಾರೆ ನೋಡಲು ಹೇಳದೆ ಬಂದಿದ್ದ. ಬೆನ್ನು ನೆಟ್ಟಗಿಟ್ಟು ಕೂತಿದ್ದ, ಅದು ನನಗೆ ಹಿಡಿಸಿತು.

ಸ್ವಾಗತವಾಯಿತು, ಒಪ್ಪಿಗೆಯಾಯಿತು. ಮಾರ್ಗರೆಟ್ ಮೂರನೆಯದನ್ನು ಓದಿದಳು. ಪೀಟರ್ ನನ್ನ ಕಡೆ ನೋಡಿದ. ಆಗ ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಳ್ಳತೊಡಗಿತು. ನಾಗರಾಜ. ಆಯಿತಾ ಎಂದು ಕೇಳಲು ಮಾಡಿದ್ದ.

ಯಾರು ಎಂದ ಅಧಿಕಾರಿ. ನನ್ನ ಹೆಂಡತಿಯ ತಮ್ಮ ಎಂದೆ. ಕಂಪನಿಯ ವಿಚಾರವೇ ಎಂದ. ಮಾರ್ಗರೆಟಳ ಮುಖ ಸುಣ್ಣವಾಯಿತು. ಹೌದೆಂದರೆ ತಲೆ ಹಾರೋಹಳ್ಳಿಯಲ್ಲಿದೆ ಎಂದು ನಾವೇ ಒಪ್ಪಿಕೊಂಡ ಹಾಗೆ. ನನ್ನ ಆರೋಗ್ಯ ವಿಚಾರಿಸಲು ಎಂದೆ. ಹಾಗಾದರೆ ಮಾತಾಡಿ, ನಾವು ಕಾಯುತ್ತೇವೆ ಎಂದು ಅವನು ಕೈ ಕಟ್ಟಿ ಕೂತ. ನನ್ನ ಕಿವಿ ಮಂದ. ಸ್ಪೀಕರ್ ಹಾಕದೆ ವಿಧಿಯಿಲ್ಲ. ಹಾಕಿದೆ.

“ನಾಗರಾಜ, ಪಕ್ಕದಲ್ಲೇ ತೆರಿಗೆ ಆಫೀಸರ್ ಕೂತವ್ರೆ. ನಿನ್ನ ದನಿ ಎಲ್ರಿಗೂ ಕೇಳ್ತಾ ಐತೆ” ಎಂದೆ.

ಆಮೇಲೆ ವಿಷಯಕ್ಕೆ ಬಂದೆ.

“ಹೆಸರು ಹಾರೋಹಳ್ಳೀಲೇ ಇರ್ಲಿ ಅಂತ ತೀರ್ಮಾನ ಮಾಡೀವ್ನಿ. ನಿಂದೇನಾದ್ರೂ ಯೋಳದು ಐತಾ? ಇದ್ರೆ ಈಗ್ಲೆ ಯೋಳ್ಬುಡು, ಆಮೇಕೆ ಕೇಳಲಿಲ್ಲ ಅನ್ಬ್ಯಾಡ.”

ಕನ್ನಡ ಅಲ್ಲಿ ಯಾರಿಗೂ ಬಾರದು. ಆದರೆ ಇಂಥ ಕಡೆ ಗೋಡೆಗೂ ಕಿವಿ, ಕಿವಿಗೂ ರೆಕಾರ್ಡು ಎಂದು ಆಡಿಟರ್ ನಾಗರಾಜನನ್ನು ಹೆದರಿಸಿಟ್ಟಿದ್ದ. ಬಹಳ ಹೊತ್ತಾದ ಮೇಲೆ ಫೋನಿನಿಂದ ಸಣ್ಣ ದನಿ ಹೊರಟಿತು.

“ಬಿಪಿ ಮಾತ್ರೆ ತಗೊಂಡ್ರಾ ಭಾವ?”

“ತಗೊಂಡೆ ಕಣಯ್ಯ.”

“ಹಂಗಾದ್ರೆ ಸರಿ ಭಾವ. ಮೈ ಚೆನ್ನಾಗಿ ನೋಡ್ಕಳಿ.” ಫೋನ್ ಇಟ್ಟ.  ಅಯ್ಯೋ ಅನ್ನಿಸಿತು. ಎಷ್ಟಾದರೂ ನಾನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಕರೆದುಕೊಂಡು ಹೋದ ಹುಡುಗ.

ನಾನು ಮೇಜಿನ ಕಡೆ ತಿರುಗಿ, ಹೆಸರು ಕೊಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ‘ನನ್ನದೂ ಅದೇ’ ಎಂದ ಪೀಟರ್, ಆಮೇಲೆ ತಾನು ಹೇಳಿದ್ದೇನೆಂದು ಹೊಳೆದು ಬೆಚ್ಚಿದ. ಬೇಡ ಎನ್ನುವುದನ್ನು ಬರೆದುಕೊಂಡು ಅಭ್ಯಾಸವಿಲ್ಲದ ಮಾರ್ಗರೆಟ್ ಎರಡು ಸಲ ಕೇಳಿದಳು. ಅಧಿಕಾರಿ ಎದ್ದು ಬಂದು ನನ್ನ ಕೈ ಕುಲುಕಿದ. ತನ್ನ ನೌಕರಿಯಲ್ಲಿ ಈ ಕಟ್ಟಡದೊಳಗೆ ಒಬ್ಬ ಡೈರೆಕ್ಟರ್ ‘ಇಲ್ಲ’ ಎಂದದ್ದನ್ನು ಕೇಳಿದ್ದು ಇದೇ ಮೊದಲು, ಇಷ್ಟು ಅಪ್ಪಟ ಕಂಪನಿಯನ್ನು ತಾನು ನೋಡೇ ಇಲ್ಲ ಎಂದ. ಅವನು ಹೋದ ಮೇಲೆ ಮಾರ್ಗರೆಟ್ ಕುಸಿದು ಕೂತು, ಇನ್ನು ನಿಮ್ಮನ್ನು ತೆಗೆಯುವ ಹಾಗೂ ಇಲ್ಲ ಎಂದು ವಿವರಿಸಿದಳು. ತೆಗೆದರೆ, ತೆಗೆದವರು ಯಾರು, ಅವರ ತಲೆ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಉಳಿದಿದ್ದ ಬಿಸ್ಕತ್ತನ್ನೆಲ್ಲ ತಿಂದು ಎದ್ದೆ.

ಹಾರೋಹಳ್ಳಿ

ವಿಮಾನ ನಿಲ್ದಾಣಕ್ಕೆ ನಾಗರಾಜನೇ ಕಾರು ತಂದಿದ್ದ. ದಾರಿಯುದ್ದಕ್ಕೂ ಕಂಪನಿಯ ಮಾತೆತ್ತಲಿಲ್ಲ. ಕೋಪ ಅಂದುಕೊಂಡೆ. ಕೋಪವೂ ಇತ್ತು, ಅದರ ಜೊತೆಗೆ, ಕಂಪನಿ ವಿಚಾರ ಭಾವನ ಹತ್ತಿರ ಈ ನೆಲದ ಮೇಲೆ ಎತ್ತಲೇಬಾರದೆಂದು ಆಡಿಟರನ ಅಪ್ಪಣೆಯೂ ಆಗಿತ್ತಂತೆ. ಹಾಗಾಗಿ ಮಳೆಯ ಬಗ್ಗೆ ಒಂದೆರಡು ಮಾತಾಡಿದೆವು. ಮಳೆಯೂ ಇರಲಿಲ್ಲ.

ಮನೆಗೆ ಬಿಡುವ ಮೊದಲು ಕಾರ್ಖಾನೆಯ ಗೇಟಿನಲ್ಲಿ ನಿಲ್ಲಿಸಿದ. ಇಳಿದು ತಗಡಿನ ಚಾವಣಿ ನೋಡುತ್ತ ನಿಂತ. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟ. “ಸೂರು ಸೋರ್ತಾ ಐತೆ ಭಾವ. ಈ ಜಾಗ ಬುಡದು ಅಂತ ಸುಮ್ನಿದ್ದೆ. ಈಗ ಇಲ್ಲೇ ಇರದಾದ್ರೆ ಹಾಕಿಸ್ಬೇಕಲ್ವಾ?”

ಅದಕ್ಕೆ ನಾನು ಇಲ್ಲಿ ನಿಂತು ಉತ್ತರ ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಪಾಳಿಯ ಬಸ್ಸು ಬಂತು. ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಇಳಿದರು. ನಮ್ಮಿಬ್ಬರನ್ನೂ ನೋಡಿ ಮಾತು ನಿಲ್ಲಿಸಿದರು. ಗೌರಿ ಎಲ್ಲರಿಗಿಂತ ಮುಂದೆ ಬಂದಳು. ಮಾಲೀಕನಿಗೆ ಕೈ ಮುಗಿದಳು, ಆಮೇಲೆ ನನ್ನ ಕಡೆ ತಿರುಗಿದಳು.

“ಮೇಷ್ಟ್ರೇ, ನಾಳೆ ಬಸ್ಸು ಬತ್ತದಾ?”

ನಾನು ನಾಗರಾಜನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಅವನು ಹೇಳಿದರೆ ತೀರ್ಮಾನ ಹಾರೋಹಳ್ಳಿಯದಾಗುತ್ತದೆ. ನಾನು ಹೇಳಿದರೂ ಹಾಗೆಯೇ, ನಿಂತಿರುವುದು ಹಾರೋಹಳ್ಳಿಯ ಮಣ್ಣಿನ ಮೇಲೆ. ಕಾನೂನಿನ ಪ್ರಕಾರ ಆ ಪ್ರಶ್ನೆಗೆ ಅಲ್ಲಿ ಉತ್ತರವೇ ಇರಲಿಲ್ಲ. ಹುಡುಗಿಯರೆಲ್ಲ ಕಾಯುತ್ತಿದ್ದರು.

“ಬತ್ತದೆ ಕಣವ್ವ” ಎಂದೆ.

ನಾಗರಾಜ ಗಾಬರಿಯಾಗಿ ಗೇಟಿನ ಆಚೆ ಈಚೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, ಗೌರಿಯ ಕಡೆಗೆ ತಿರುಗಿ, ತುಟಿ ಬಿಚ್ಚದೆ, ಹೌದೆಂದು ತಲೆ ಆಡಿಸಿದ.